‘ದಿ ಕ್ರೂಸಿಬಲ್’ ಕನ್ನಡದಲ್ಲಿ ಆಡುವಾಗ: ಭಯವನ್ನೂ ‘ಹೆಸರ’ನ್ನೂ ರಂಗದ ಮೇಲೆ ತರೋದು ಹೇಗೆ?

ಗಿರಿಸಾಲು (ಚಿಕ್ಕಮಗಳೂರು) ಕೇಳಿದ್ದು:

ಆರ್ಥರ್ ಮಿಲ್ಲರ್ ಅವರ ‘ದಿ ಕ್ರೂಸಿಬಲ್’ ನಾಟಕವನ್ನು ಕನ್ನಡಕ್ಕೆ ತಂದು ಕುವೆಂಪು ಕಲಾಮಂದಿರದಲ್ಲಿ ಆಡಬೇಕು ಅಂತ ನಮ್ಮ ಹವ್ಯಾಸಿ ತಂಡದ ಯೋಚನೆ. 1692ರಲ್ಲಿ ಅಮೆರಿಕದ ಸೇಲಮ್ ಊರಲ್ಲಿ ಮಾಟದ ಆರೋಪ ಹೊರಿಸಿ ಜನರನ್ನು ನೇಣಿಗೆ ಹಾಕಿದ ಕಥೆ ಅದು. ನಾಲ್ಕು ಅಂಕ, 21 ಪಾತ್ರ. ನಾವಿರೋದು 18 ಜನ. ಮೂರು ಕಡೆ ಸಿಕ್ಕಿಕೊಂಡಿದ್ದೇವೆ. ಕರಡಿನಲ್ಲಿ ಎಲ್ಲರ ಬಾಯಲ್ಲೂ ‘ಪ್ರತಿಷ್ಠೆ’ ಅನ್ನೋ ಪದ ಇದೆ, ಅದು ಮಾತಿನಲ್ಲಿ ಕೂರ್ತಿಲ್ಲ. ಮೂರನೇ ಅಂಕದಲ್ಲಿ ಹುಡುಗಿಯರು ತೊಲೆ ಮೇಲೆ ಹಳದಿ ಹಕ್ಕಿ ಕಂಡು ಹೆದರುವ ದೃಶ್ಯಕ್ಕೆ ತಾಲೀಮು ನೋಡಲು ಬಂದವರು ನಗ್ತಾರೆ. ಇದರ ಜೊತೆಗೆ, ಕಥೆಯನ್ನೇ ಮಲೆನಾಡಿಗೆ ತಂದು ಮಾಟ-ಮದ್ದಿನ ಕಥೆ ಮಾಡೋಣ ಅಂತ ತಂಡದ ಅರ್ಧ ಜನರ ಹಟ. ಬಲ್ಲವರು ದಯವಿಟ್ಟು ಹೇಳಿ.

ಹೇಮಾವತಿ ದಂಡೆ (ಹಾಸನ):

ಒಂದೇ ಪದವನ್ನು ಎಲ್ಲರಿಗೂ ಹಂಚಿದ್ದರಿಂದಲೇ ತೊಂದರೆ. ಈ ನಾಟಕದಲ್ಲಿ ಒಬ್ಬೊಬ್ಬರು ಕಾಪಾಡಿಕೊಳ್ಳುತ್ತಿರುವುದು ಒಂದೊಂದನ್ನು.

ಪಾದ್ರಿ ಪ್ಯಾರಿಸ್‌ಗೆ ತನ್ನ ಜಾಗದ ಚಿಂತೆ. ಮಗಳು ಬೆಟ್ಟಿ ಅಲ್ಲಾಡದೆ ಮಲಗಿದ್ದಾಳೆ, ಅವನು ತನ್ನನ್ನು ಓಡಿಸಲು ಕಾದಿರುವ ಗುಂಪಿನ ಬಗ್ಗೆ ಮಾತಾಡುತ್ತಾನೆ. ವರ್ಷಕ್ಕೆ 66 ಪೌಂಡ್ ಸಂಬಳ, ಸೌದೆಗೆ ಕೊಡುವ 6 ಪೌಂಡ್ ಅದರೊಳಗೋ ಹೊರಗೋ ಅನ್ನುವ ಜಗಳವನ್ನು ಕತ್ತರಿಸಬೇಡಿ, ಮನುಷ್ಯನ ಅಳತೆ ಸಿಗುವುದು ಅಲ್ಲೇ. ಅವನಿಗೆ ‘ಸ್ಥಾನ’ ಅನ್ನುವ ಪದ ಸಾಕು. ನ್ಯಾಯಾಧೀಶ ಡ್ಯಾನ್‌ಫೋರ್ತ್‌ಗೆ ‘ನ್ಯಾಯಾಲಯದ ಮರ್ಯಾದೆ’. ನಾಲ್ಕನೇ ಅಂಕದಲ್ಲಿ ಅವನ ಲೆಕ್ಕ ನೋಡಿ: ಈಗಾಗಲೇ 12 ಜನರನ್ನು ನೇಣಿಗೆ ಹಾಕಿ ಆಗಿದೆ, ಉಳಿದವರನ್ನು ಬಿಟ್ಟರೆ ಸತ್ತವರ ವಿಷಯದಲ್ಲಿ ತಪ್ಪಿದೆ ಅಂತ ಒಪ್ಪಿದ ಹಾಗೆ. ಅವನನ್ನು ಕಿರುಚುವ ಖಳನನ್ನಾಗಿ ಮಾಡಿದರೆ ಈ ಭಯ ಕಾಣುವುದೇ ಇಲ್ಲ. ಎಲಿಜಬೆತ್ ಕಾಪಾಡಲು ಹೋಗುವುದು ಗಂಡ ಜಾನ್ ಪ್ರಾಕ್ಟರ್‌ನ ‘ಮಾನ’. ಜಾನ್ ಪ್ರಾಕ್ಟರ್‌ಗೆ ಮಾತ್ರ ‘ಹೆಸರು’ ಇಟ್ಟುಕೊಳ್ಳಿ.

ಈ ಪದ ಕೈಬಿಡಲೇಬೇಡಿ. ಹೆಸರು ಹೇಳೋದು, ಹೆಸರು ಕೆಡೋದು, ಹೆಸರು ಉಳಿಸಿಕೊಳ್ಳೋದು ಎಲ್ಲಕ್ಕೂ ನಮ್ಮಲ್ಲಿ ಒಂದೇ ಪದ. ನಾಟಕದ ಬೆನ್ನುಮೂಳೆಯೂ ಅದೇ. ಮೊದಲ ಅಂಕದಲ್ಲಿ ಪ್ಯಾರಿಸ್ ಮನೆಯ ಗುಲಾಮಳು ಟಿಟುಬಾಳನ್ನು ಬೆದರಿಸಿ ಹೆಸರು ಹೇಳಿಸುತ್ತಾರೆ. ಮೂರರಲ್ಲಿ, ಊರಿನ ಶ್ರೀಮಂತ ಪುಟ್ನಮ್ ಜಮೀನಿನ ಆಸೆಗೆ ದೂರು ಹಾಕಿಸುತ್ತಿದ್ದಾನೆ ಅಂತ ತನಗೆ ತಿಳಿಸಿದವನ ಹೆಸರನ್ನು ಮುದುಕ ರೈತ ಜೈಲ್ಸ್ ಕೋರಿ ಹೇಳುವುದಿಲ್ಲ. ನಾಲ್ಕರಲ್ಲಿ ಪ್ರಾಕ್ಟರ್ ತನ್ನ ತಪ್ಪೊಪ್ಪಿಗೆಗೆ ಸಿದ್ಧನಾಗಿಯೂ ಬೇರೆಯವರ ಹೆಸರು ಹೇಳುವುದಿಲ್ಲ. ಮೂರೂ ಕಡೆ ಕೇಳುವವರ ಬಾಯಲ್ಲಿ ‘ಹೆಸರು ಹೇಳು’ ಅನ್ನುವ ಅದೇ ಎರಡು ಪದ ಬರಲಿ. ಹಾಗೆ ಮಾಡಿದರೆ ಕೊನೆಗೆ ಅವನು ತನ್ನ ಹೆಸರಿಗಾಗಿ ಹಟ ಹಿಡಿದಾಗ ಪ್ರೇಕ್ಷಕರ ಕಿವಿ ಸಿದ್ಧವಾಗಿರುತ್ತದೆ.

ಮಾಟ ಮಾಡಿದ್ದು ನಿಜ ಅಂತ ಒಪ್ಪಿಕೊಂಡವರು ಬದುಕುತ್ತಾರೆ, ಇಲ್ಲ ಅಂದವರು ನೇಣಿಗೆ. ಈ ನಿಯಮ ಮೊದಲ ಅಂಕ ಮುಗಿಯುವಷ್ಟರಲ್ಲಿ ಎಲ್ಲರಿಗೂ ತಿಳಿದಿರಬೇಕು. ಟಿಟುಬಾ ಒಪ್ಪಿಕೊಂಡ ತಕ್ಷಣ ಸುತ್ತಲಿನವರ ದನಿ ಮೆತ್ತಗಾಗುವುದನ್ನು ನಿಧಾನವಾಗಿ ತೋರಿಸಿ. ಇದು ತಪ್ಪಿಹೋದರೆ ಕೊನೆಯ ಅಂಕದಲ್ಲಿ ಪ್ರಾಕ್ಟರ್ ಯಾಕೆ ಸಾಯುತ್ತಾನೆ ಅಂತ ಕೂತವರಿಗೆ ಗೊತ್ತಾಗುವುದಿಲ್ಲ.

ಕರಪತ್ರ ಬರೆಯುವಾಗ ಎರಡು ಎಚ್ಚರಿಕೆ. ಸೇಲಮ್‌ನಲ್ಲಿ 1692ರಲ್ಲಿ ಯಾರನ್ನೂ ಸುಡಲಿಲ್ಲ. 19 ಜನರಿಗೆ ನೇಣು, ಜೈಲ್ಸ್ ಕೋರಿಯನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಪೋಸ್ಟರ್‌ಗೆ ಬೆಂಕಿಯ ಚಿತ್ರ ಬೇಡ. ಇನ್ನೊಂದು, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕ ಸಂಸತ್ತಿನ ವಿಚಾರಣಾ ಸಮಿತಿ ಮಿಲ್ಲರ್ ಅವರನ್ನು ಕರೆದ ಮೇಲೆ ಅವರು ಈ ನಾಟಕ ಬರೆದರು ಅಂತ ಹಲವರು ಬರೆಯುತ್ತಾರೆ. ನಾಟಕ ರಂಗಕ್ಕೆ ಬಂದದ್ದು 1953ರ ಜನವರಿಯಲ್ಲಿ, ಅವರನ್ನು ಕರೆಸಿ ಹೆಸರು ಕೇಳಿದ್ದು 1956ರಲ್ಲಿ. ಹೇಳದಿದ್ದಕ್ಕೆ 1957ರಲ್ಲಿ ತಪ್ಪಿತಸ್ಥ ಅಂತ ತೀರ್ಪಾಗಿ, 1958ರಲ್ಲಿ ಅದು ರದ್ದಾಯಿತು.

ಬೆಳಕಿನ ಪೆಟ್ಟಿಗೆ (ಹಾಸನ):

ಹಕ್ಕಿ ದೃಶ್ಯಕ್ಕೆ ನಗು ಬರೋದು ಹುಡುಗಿಯರು ಭಯವನ್ನು ನಟಿಸಿದಾಗ. ಅವರಿಗೆ ಕೊಡಬೇಕಾದ ಕೆಲಸ ಎರಡೇ, ನೋಡೋದು ಮತ್ತು ಪ್ರಾಕ್ಟರ್ ಮನೆಯ ಕೆಲಸದ ಹುಡುಗಿ ಮೇರಿ ವಾರೆನ್ ಹೇಳಿದ್ದನ್ನು ಹಾಗೇ ಹೇಳೋದು.

ಪ್ರೇಕ್ಷಕರ ತಲೆ ಮೇಲೆ, ಸಭಾಂಗಣದ ಚಾವಣಿಯಲ್ಲಿ ಒಂದು ಬಿಂದು ಆರಿಸಿ ಬಿಳಿ ಟೇಪ್ ಅಂಟಿಸಿ. ನಾಲ್ಕು ಜೊತೆ ಕಣ್ಣೂ ಅಲ್ಲೇ. ಒಬ್ಬಳ ಕಣ್ಣು ಒಂದಡಿ ತಪ್ಪಿದರೂ ಹಕ್ಕಿ ಸತ್ತುಹೋಗುತ್ತೆ. ಹುಡುಗಿಯರ ಮುಂದಾಳು ಅಬಿಗೇಲ್ ಮೊದಲು ನೋಡ್ತಾಳೆ, ಮಿಕ್ಕವರು ಎರಡು ಉಸಿರು ಬಿಟ್ಟು ಒಬ್ಬೊಬ್ಬರಾಗಿ. ಎಲ್ಲರೂ ಒಟ್ಟಿಗೆ ತಲೆ ಎತ್ತಿದರೆ ಅದು ಡ್ರಿಲ್.

ಮೇರಿಯ ಮಾತು ಮರುನುಡಿಯುವಾಗ ಅವಳ ಕೊನೇ ಪದಕ್ಕೆ ಎಲ್ಲರೂ ಉಸಿರು ಎಳೆದುಕೊಂಡಿರಬೇಕು, ಅವಳದೇ ಶ್ರುತಿ, ಅವಳಷ್ಟೇ ದನಿ. ದಿನಾ ಹತ್ತು ನಿಮಿಷ ಇದೊಂದನ್ನೇ ಮಾಡಿಸಿ, ಎರಡು ವಾರ ಬೇಕು. ಕಿರುಚಾಟ ಇಡೀ ದೃಶ್ಯಕ್ಕೆ ಒಂದೇ ಸಲ, ಹಕ್ಕಿ ಕೆಳಗೆ ಇಳೀತು ಅನ್ನುವಾಗ. ಮೊದಲೇ ಕಿರುಚಿಬಿಟ್ಟರೆ ಆಮೇಲೆ ಏರೋಕೆ ಮೆಟ್ಟಿಲೇ ಇರಲ್ಲ.

ಕೆಂಪು ಲೈಟು, ರೆಕ್ಕೆ ಬಡಿಯುವ ಸೌಂಡು ಯಾವುದೂ ಬೇಡ, ದಯವಿಟ್ಟು. ಕೋರ್ಟಿನ ಅದೇ ಬಿಳಿ ಬೆಳಕು ಹಾಗೇ ಇರಲಿ. ಹಕ್ಕಿ ಇಲ್ಲ ಅನ್ನೋದು ಕೂತವರಿಗೆ ಗೊತ್ತಿರಬೇಕು, ಆಗಲೂ ಮೈ ನಡುಗಬೇಕು. ಅದು ಆಗೋದು ಡ್ಯಾನ್‌ಫೋರ್ತ್‌ನಿಂದ. ಅವನು ಮೊದಲು ಹುಡುಗಿಯರನ್ನು ನೋಡ್ತಾನೆ, ಆಮೇಲೆ ನಿಧಾನವಾಗಿ ಮೇಲೆ ನೋಡ್ತಾನೆ. ನಿಮ್ಮ ಒಳ್ಳೇ ನಟನನ್ನು ಆ ಪಾತ್ರಕ್ಕೆ ಹಾಕಿ.

ತೋಟದ ದಾರಿ (ಮೂಡಿಗೆರೆ):

ಮಲೆನಾಡಿಗೆ ತರಬೇಡಿ ಅಂತಲೇ ನನ್ನ ಸಲಹೆ, ಕಾರಣ ಹೇಳ್ತೇನೆ.

ನಮ್ಮ ಕಡೆ ಒಂದು ಮನೆಯ ಮೇಲೆ ಮದ್ದು ಹಾಕ್ತಾರೆ ಅನ್ನೋ ಮಾತು ಬಿದ್ದರೆ ಆಗೋದು ಏನು? ಆ ಮನೆಯಲ್ಲಿ ಕಾಫಿ ಕುಡಿಯೋದು ನಿಲ್ಲುತ್ತೆ. ಲೋಟ ಕೈಗೆ ಬಂದಾಗ ‘ಈಗಷ್ಟೇ ಆಯ್ತು’ ಅಂತ ಪಕ್ಕಕ್ಕಿಡ್ತಾರೆ. ಹೆಣ್ಣು-ಗಂಡು ನೋಡೋಕೆ ಬರೋರು ದಾರಿ ಬದಲಿಸ್ತಾರೆ. ಹೆಸರು ಕೆಡುತ್ತೆ, ಅದೂ ಘೋರವೇ, ಆದರೆ ಅಲ್ಲಿ ಕೋರ್ಟೂ ಇಲ್ಲ, ಹಗ್ಗವೂ ಇಲ್ಲ. ಸೇಲಮ್‌ನಲ್ಲಿ ಮಾಟ ಅನ್ನೋದು ಕಾನೂನಿನ ಪ್ರಕಾರವೇ ಮರಣದಂಡನೆಯ ಅಪರಾಧ. ನಮ್ಮ ರಾಜ್ಯದಲ್ಲಿ 2017ರ ಕಾಯ್ದೆ ವಾಮಾಚಾರದ ಹೆಸರಲ್ಲಿ ನಡೆಯುವ ಹಿಂಸೆಗೇ ಶಿಕ್ಷೆ ಕೊಡುತ್ತೆ.

ಇನ್ನೂ ದೊಡ್ಡ ವ್ಯತ್ಯಾಸ ಆಣೆಯದು. ಇಲ್ಲಿ ಅಪವಾದ ಹೊತ್ತವನು ‘ನಡಿ ಧರ್ಮಸ್ಥಳಕ್ಕೆ, ಆಣೆ ಮಾಡ್ತೀನಿ’ ಅಂತಾನೆ. ಇಲ್ಲ ಅನ್ನುವವನಿಗೆ ನಮ್ಮಲ್ಲೊಂದು ಬಾಗಿಲು ಇದೆ. ಸೇಲಮ್‌ನಲ್ಲಿ ಇಲ್ಲ ಅಂದದ್ದೇ ಕುತ್ತು. ಕಥೆ ಇಲ್ಲಿಗೆ ತಂದರೆ ಮೊದಲ ಹತ್ತು ನಿಮಿಷದಲ್ಲೇ ಪ್ರೇಕ್ಷಕರು ‘ಆಣೆ ಮಾಡಿಸಿದ್ರೆ ಆಗ್ತಿತ್ತಲ್ಲ’ ಅಂತಾರೆ, ನಾಟಕ ಮುಗಿದ ಹಾಗೆ.

ತಾಲೀಮಿಗೆ ಮಾತ್ರ ಆ ಕಾಫಿ ಲೋಟ ಬಳಸಿಕೊಳ್ಳಿ. ಒಬ್ಬರು ಕೊಡಬೇಕು, ಎಂಟು ಜನ ಒಬ್ಬರಾದ ಮೇಲೆ ಒಬ್ಬರು ಮರ್ಯಾದೆಯಿಂದಲೇ ಬೇಡ ಅನ್ನಬೇಕು. ಊರಿನ ಭಯ ಎಷ್ಟು ಸೌಮ್ಯವಾಗಿ ಮಾತಾಡುತ್ತೆ ಅಂತ ನಟರಿಗೆ ತಿಳಿಯುತ್ತೆ.

ಆರೋಪದ ಸರದಿಯನ್ನೂ ಗಮನಿಸಿ. 1692ರ ಮಾರ್ಚ್ 1ರಂದು ಮೊದಲು ವಿಚಾರಣೆಗೆ ನಿಂತವರಲ್ಲಿ ಟಿಟುಬಾ ಗುಲಾಮಳು, ಸಾರಾ ಗುಡ್ ಭಿಕ್ಷೆ ಬೇಡುತ್ತಿದ್ದವಳು. ಊರಲ್ಲಿ ಹೆಸರೇ ಇಲ್ಲದವರಿಂದ ಶುರುವಾಗಿ ಎಲ್ಲರೂ ಕೈಮುಗಿಯುವ ರೆಬೆಕಾ ನರ್ಸ್‌ವರೆಗೆ ಹೋಗುತ್ತೆ. ಅವಳ ಪರವಾಗಿ ಸಹಿ ಹಾಕಿದ 91 ಜನರನ್ನೂ ವಿಚಾರಣೆಗೆ ಕರೆಸಿ ಅಂತ ಕೋರ್ಟು ಹೇಳುವ ಜಾಗ ಇದೆಯಲ್ಲ, ಅಲ್ಲೊಂದು ಕ್ಷಣ ನಿಲ್ಲಿಸಿ. ಒಳ್ಳೇ ಹೆಸರಿನವರ ಸಾಕ್ಷಿಗೂ ಬೆಲೆ ಇಲ್ಲ ಅಂತ ಊರಿಗೆ ಗೊತ್ತಾಗೋದು ಅಲ್ಲೇ.

ಗಿರಿಸಾಲು:

ತುಂಬಾ ಉಪಕಾರವಾಯ್ತು. ಸೇಲಮ್‌ನಲ್ಲೇ ಇಡ್ತೇವೆ. 21 ಪಾತ್ರ 18 ಜನಕ್ಕೆ ಇಳಿಸೋದು, ಎಲಿಜಬೆತ್ ಸುಳ್ಳು ಹೇಳುವ ದೃಶ್ಯದಲ್ಲಿ ಯಾರನ್ನು ಎಲ್ಲಿ ನಿಲ್ಲಿಸೋದು, ಇವೆರಡನ್ನೂ ಹೇಳಿದರೆ ಚೆನ್ನ.

ಹೇಮಾವತಿ ದಂಡೆ:

ಆನ್ ಪುಟ್ನಮ್ ಮೊದಲ ಅಂಕಕ್ಕೇ ಮುಗಿಯುತ್ತಾಳೆ, ಅದೇ ನಟಿ ನಾಲ್ಕರಲ್ಲಿ ಸಾರಾ ಗುಡ್ ಆಗಲಿ. ಕಾವಲುಗಾರ ಹಾಪ್ಕಿನ್ಸ್‌ನನ್ನು ತೆಗೆಯಿರಿ. ಇನ್ನೊಬ್ಬ ನ್ಯಾಯಾಧೀಶ ಹೇಥಾರ್ನ್ ಮಾತುಗಳನ್ನು ಪ್ಯಾರಿಸ್‌ಗೂ ಡ್ಯಾನ್‌ಫೋರ್ತ್‌ಗೂ ಹಂಚಿ. ಅಲ್ಲಿಗೆ 18. ಪಾತ್ರಗಳ ನಡುವೆ ಬರುವ ಮಿಲ್ಲರ್ ಅವರ ಉದ್ದದ ಗದ್ಯ ಓದಿಗೆ ಮಾತ್ರ. ಆಮೇಲೆ ಸೇರಿಸಿದ ಕಾಡಿನ ದೃಶ್ಯ ಬಿಟ್ಟರೂ ಕೊರತೆಯಾಗದು. ಮಿಲ್ಲರ್ ತೀರಿಕೊಂಡದ್ದು 2005ರಲ್ಲಿ, ನಮ್ಮ ಕಾಯ್ದೆಯಂತೆ ಲೇಖಕ ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯದ ಹಕ್ಕು ಇರುತ್ತದೆ. ಅನುವಾದಕ್ಕೂ ಪ್ರದರ್ಶನಕ್ಕೂ ಅನುಮತಿ ಬಂದ ಮೇಲೇ ಹಾಲ್ ಬುಕ್ ಮಾಡಿ.

ಬೆಳಕಿನ ಪೆಟ್ಟಿಗೆ:

ಪ್ರಾಕ್ಟರ್‌ಗೂ ಅಬಿಗೇಲ್‌ಗೂ ಬೆನ್ನು ತಿರುಗಿಸಿ ನಿಲ್ಲಿ ಅಂತ ಡ್ಯಾನ್‌ಫೋರ್ತ್ ಹೇಳ್ತಾನಲ್ಲ, ಎಲಿಜಬೆತ್‌ಳನ್ನು ರಂಗದ ಹಿಂಬದಿಯ ನಡುವೆ ನಿಲ್ಲಿಸಿ. ಆಗ ಅವರಿಬ್ಬರ ಬೆನ್ನು ಅವಳಿಗೆ, ಮುಖ ಪ್ರೇಕ್ಷಕರಿಗೆ. ಅಬಿಗೇಲ್ ಜೊತೆಗಿನ ತನ್ನ ಸಂಬಂಧವನ್ನು ಗಂಡ ಆಗಲೇ ಒಪ್ಪಿಕೊಂಡಿದ್ದಾನೆ ಅನ್ನೋದು ಅವಳಿಗೆ ಗೊತ್ತಿಲ್ಲ, ಬೆನ್ನಲ್ಲಿ ಏನಾದರೂ ಸಿಗುತ್ತಾ ಅಂತ ಹುಡುಕ್ತಾಳೆ. ಅವಳು ಇಲ್ಲ ಅಂದ ಕ್ಷಣ ಪ್ರಾಕ್ಟರ್ ಮುಖ ಏನಾಗುತ್ತೆ ಅನ್ನೋದು ಹಿಂದಿನ ಸಾಲಿಗೂ ಕಾಣಬೇಕು, ಅದಕ್ಕೆ ಅವನ ಮೇಲೊಂದು ಎದುರು ಲೈಟು ಮೊದಲಿಂದಲೇ ಉರೀತಿರಲಿ.

ಕೊನೇ ಅಂಕದಲ್ಲಿ ಪ್ರಾಕ್ಟರ್ ಹರಿದುಹಾಕುವ ತಪ್ಪೊಪ್ಪಿಗೆ ಕಾಗದಕ್ಕೆ ಜೆರಾಕ್ಸ್ ಹಾಳೆ ಬೇಡ, ಹರಿದ ಸದ್ದು ಮೂರನೇ ಸಾಲಿಗೂ ಹೋಗಲ್ಲ. ದಪ್ಪ ಡ್ರಾಯಿಂಗ್ ಶೀಟು ತಗೊಂಡು, ಮೇಲಂಚಿನಲ್ಲಿ ಅರ್ಧ ಇಂಚು ಮೊದಲೇ ಸೀಳಿಡಿ, ಇಲ್ಲದಿದ್ದರೆ ಕೈ ಜಾರುತ್ತೆ. ತಾಲೀಮಿಗೂ ಸೇರಿಸಿ 15 ಹಾಳೆ ಎತ್ತಿಟ್ಟುಕೊಳ್ಳಿ.