ಅಳತೆಗಳನ್ನು ಗೇಜ್‌ನಿಂದ ನೇರವಾಗಿ ಕಂಪ್ಯೂಟರ್‌ಗೆ ತರಲು ಸಣ್ಣ ಕಾರ್ಖಾನೆ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಪೀಣ್ಯದ ಕಾರ್ಖಾನೆಯೊಂದರ ಮಾಲೀಕ)

ನಮಸ್ಕಾರ. ಪೀಣ್ಯದಲ್ಲಿ ಆರು ಸಿಎನ್‌ಸಿ ಲೇತ್‌ಗಳಿರುವ ಸಣ್ಣ ಕಾರ್ಖಾನೆ ನಮ್ಮದು. ಮುಖ್ಯವಾಗಿ ಮಾಡುವುದು 25 ಮಿಲಿಮೀಟರ್ ವ್ಯಾಸದ ಶಾಫ್ಟ್. ಡ್ರಾಯಿಂಗ್‌ನಲ್ಲಿ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಎಚ್7 ಎಂದಿರುವುದರಿಂದ ವ್ಯಾಸವು 24.979ರಿಂದ 25.000ರ ಒಳಗೇ ಇರಬೇಕು. ಅಂದರೆ ಇರುವ ಅವಕಾಶ 21 ಮೈಕ್ರಾನ್ ಮಾತ್ರ. ಗಂಟೆಗೆ ಐದು ಶಾಫ್ಟ್ ಅಳೆದು ರಿಜಿಸ್ಟರಿನಲ್ಲಿ ಬರೆಯಬೇಕೆಂಬುದು ನಿಯಮ. ಕಳೆದ ತಿಂಗಳು ಗ್ರಾಹಕರು ಒಂದು ಲಾಟ್ ಪೂರ್ತಿ ವಾಪಸ್ ಕಳುಹಿಸಿದರು. ಆ ದಿನದ ರಿಜಿಸ್ಟರ್ ತೆಗೆದು ನೋಡಿದರೆ ಒಂದು ಅಳತೆಯೂ ಮಿತಿ ಮೀರಿರಲಿಲ್ಲ. ಆದರೆ ಬೆಳಗಿನ ಆರು ಗಂಟೆಯ ಸಾಲಿನಿಂದ ಮಧ್ಯಾಹ್ನ ಎರಡರ ಸಾಲಿನವರೆಗೆ ಇಡೀ ಪುಟವನ್ನು ಕುಳಿತಲ್ಲೇ ಒಂದೇ ಸಲಕ್ಕೆ ಬರೆದಂತಿತ್ತು, ಕೂಲೆಂಟ್ ಮೆತ್ತಿದ ಒಂದು ಬೆರಳ ಗುರುತೂ ಅದರಲ್ಲಿರಲಿಲ್ಲ. ಆದ್ದರಿಂದ ಅಳತೆಗಳು ತಾವಾಗಿಯೇ ದಾಖಲಾಗುವ ವ್ಯವಸ್ಥೆ ಮಾಡಬೇಕೆಂದಿದ್ದೇವೆ. ಸದ್ಯ ಡಿಜಿಟಲ್ ವರ್ನಿಯರ್‌ನಲ್ಲಿ ಅಳೆಯುತ್ತಿದ್ದೇವೆ. ಅದಕ್ಕೇ ವೈರ್‌ಲೆಸ್ ಜೋಡಿಸಿದರೆ ಸಾಕೇ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1 (ಗುಣಮಟ್ಟ ವಿಭಾಗದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು)

ಸರ್, ದಯವಿಟ್ಟು ವರ್ನಿಯರ್‌ಗೆ ವೈರ್‌ಲೆಸ್ ಜೋಡಿಸಬೇಡಿ. ಒಳ್ಳೆಯ ಡಿಜಿಟಲ್ ವರ್ನಿಯರ್ ಕೂಡ ಸುಮಾರು 20 ಮೈಕ್ರಾನ್ ಅತ್ತಿತ್ತ ತೋರಿಸಬಲ್ಲದು. ನಿಮ್ಮ ಟಾಲರೆನ್ಸ್ ಇರುವುದೇ 21. ಅಂತಹ ಅಳತೆಯನ್ನು ಎಷ್ಟು ವೇಗವಾಗಿ ಕಂಪ್ಯೂಟರ್‌ಗೆ ಕಳುಹಿಸಿದರೂ ಅಲ್ಲಿ ಸೇರುವುದು ತಪ್ಪು ಅಂಕಿಯೇ. ಮೊದಲು 1 ಮೈಕ್ರಾನ್ ತೋರಿಸುವ, ಡೇಟಾ ಹೊರಗೆ ಕೊಡುವ ಮೈಕ್ರೋಮೀಟರ್ ಕೊಳ್ಳಿರಿ. ಬಳಿಕ ಮೂವರು ಆಪರೇಟರ್‌ಗಳಿಂದ ಹತ್ತು ಶಾಫ್ಟ್‌ಗಳನ್ನು ಮೂರು ಮೂರು ಬಾರಿ ಅಳೆಸಿ ಗೇಜ್ ಆರ್ ಅಂಡ್ ಆರ್, ಅಂದರೆ ಅಳತೆಗಳ ವ್ಯತ್ಯಾಸದಲ್ಲಿ ಗೇಜ್ ಮತ್ತು ಅಳೆಯುವವರಿಂದಲೇ ಬರುವ ಪಾಲು ಎಷ್ಟೆಂದು ಲೆಕ್ಕ ಹಾಕಿರಿ. ಫಲಿತಾಂಶ ಶೇ. 10ರೊಳಗಿದ್ದರೆ ಉತ್ತಮ, ಶೇ. 30 ದಾಟಿದರೆ ಆ ಅಳತೆಯ ವಿಧಾನವನ್ನೇ ಬಿಡಬೇಕು.

ಉಷ್ಣತೆಯ ಬಗ್ಗೆಯೂ ಒಂದು ಮಾತು. ಡ್ರಾಯಿಂಗ್‌ನ ಅಳತೆಗಳು 20 ಡಿಗ್ರಿ ಸೆಲ್ಸಿಯಸ್‌ಗೆ ಅನ್ವಯಿಸುತ್ತವೆ. ಚಕ್‌ನಿಂದ (ಲೇತ್‌ನ ಹಿಡಿತದಿಂದ) ಆಗಷ್ಟೇ ತೆಗೆದ ಶಾಫ್ಟ್ ಅದಕ್ಕಿಂತ 10 ಡಿಗ್ರಿ ಬೆಚ್ಚಗಿದ್ದರೆ, 25 ಮಿಲಿಮೀಟರ್ ಉಕ್ಕು ಸುಮಾರು 3 ಮೈಕ್ರಾನ್ ಹಿಗ್ಗಿರುತ್ತದೆ. ಶಾಫ್ಟನ್ನು ಮೇಜಿನ ಮೇಲೆ ಇಟ್ಟು, ಆರಿದ ನಂತರ ಅಳೆಯುವ ಪದ್ಧತಿ ಇಲ್ಲದಿದ್ದರೆ ನಿಮ್ಮ ಅವಕಾಶದ ಏಳನೆಯ ಒಂದು ಭಾಗ ಅಲ್ಲೇ ಕರಗಿಹೋಗುತ್ತದೆ. ಕ್ಯಾಲಿಬ್ರೇಷನ್‌ಗೆ (ಗೇಜ್ ಸರಿಯಾಗಿ ತೋರಿಸುತ್ತಿದೆಯೇ ಎಂಬ ಪರೀಕ್ಷೆಗೆ) ನೀವು ದೂರ ಅಲೆಯಬೇಕಾಗಿಲ್ಲ. ತುಮಕೂರು ರಸ್ತೆಯ ಸಿಎಂಟಿಐನಲ್ಲಿ (ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಅದಕ್ಕೆಂದೇ ಪ್ರಯೋಗಾಲಯವಿದೆ.

ಉತ್ತರ 2 (ಕಾರ್ಖಾನೆಗಳಿಗೆ ನೆಟ್‌ವರ್ಕ್ ಅಳವಡಿಸುವವರು)

ತಗಡಿನ ಶೆಡ್ಡಿನಲ್ಲಿ, ಯಂತ್ರಗಳ ನಡುವೆ ವೈರ್‌ಲೆಸ್ ಸಂಕೇತ ಆಗಾಗ ಕಡಿದುಹೋಗುತ್ತದೆ. ಮೈಕ್ರೋಮೀಟರ್ ಒಂದೇ ಮೇಜಿನ ಮೇಲಿರುವುದಾದರೆ ಕೇಬಲ್ ಸಾಕು, ಅದೇ ಗಟ್ಟಿ. ವಿದ್ಯುತ್ ಅಥವಾ ನೆಟ್‌ವರ್ಕ್ ಹೋದಾಗ ಅಳತೆಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು, ಸಂಪರ್ಕ ಬಂದ ಮೇಲೆ ಕಳುಹಿಸುವ ಪುಟ್ಟ ಗೇಟ್‌ವೇ ಇರಲಿ. ಸಾಧನಗಳು ಪುಟ್ಟ ಸಂದೇಶಗಳಾಗಿ ಡೇಟಾ ಕಳುಹಿಸುವ ಎಂಕ್ಯೂಟಿಟಿ ವಿಧಾನಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಪ್ರತಿ ಅಳತೆಯ ಜೊತೆಗೆ ಸಮಯ, ಯಂತ್ರದ ಸಂಖ್ಯೆ, ಲಾಟ್ ಸಂಖ್ಯೆ ಕಡ್ಡಾಯವಾಗಿ ಸೇರಲಿ. ಇಲ್ಲವಾದರೆ ಲಾಟ್ ವಾಪಸ್ ಬಂದ ದಿನ ನಿಮ್ಮ ಬಳಿ ಸಾವಿರಾರು ಅಂಕಿಗಳಿದ್ದರೂ ಯಾವುದು ಯಾವ ಶಾಫ್ಟಿನದೆಂದು ಹೇಳಲಾಗುವುದಿಲ್ಲ.

ಉತ್ತರ 3 (ಹಿಂದೆ ಆಪರೇಟರ್, ಈಗ ಸೂಪರ್‌ವೈಸರ್)

ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಗೇಜ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸಿದ್ದರು, ಆದರೆ ಪರದೆಯಿದ್ದದ್ದು ಮ್ಯಾನೇಜರ್ ಕೋಣೆಯಲ್ಲಿ. ಅಳತೆ ಮಿತಿ ದಾಟಿದ ಕೂಡಲೇ ಫೋನ್ ಬರುತ್ತಿತ್ತು, ಬೈಗುಳವೂ ಬರುತ್ತಿತ್ತು. ಕೆಲವೇ ವಾರಗಳಲ್ಲಿ ಗ್ರಾಫ್‌ನ ಆಕಾರ ವಿಚಿತ್ರವಾಯಿತು: ಮಿತಿಯ ಗೆರೆಗೆ ತಾಗಿದಂತೆ ಒಳಗಡೆ ಅಳತೆಗಳ ರಾಶಿ, ಗೆರೆಯಾಚೆ ಒಂದೂ ಇಲ್ಲ. ಮಿತಿ ಮೀರಿದ ಶಾಫ್ಟನ್ನು ಪಕ್ಕಕ್ಕಿಟ್ಟು, ಸರಿಯಿರುವುದನ್ನೇ ಎರಡು ಸಲ ಅಳೆಯುತ್ತಿದ್ದೆವು. ನಾನೂ ಹಾಗೆ ಮಾಡಿದ್ದೇನೆ, ಇಂದಿಗೂ ಅದು ನನಗೆ ನೋವಿನ ವಿಷಯ.

ಇನ್ಸರ್ಟ್ (ಲೇತ್‌ನಲ್ಲಿ ಲೋಹ ಕತ್ತರಿಸುವ ತುದಿ) ಸವೆದಂತೆ ಶಾಫ್ಟಿನ ವ್ಯಾಸ ಮೆಲ್ಲಗೆ ಏರುತ್ತದೆ. 24.988, 24.991, 24.994 ಎಂದು ಏರುತ್ತಿರುವುದು ಆಪರೇಟರ್‌ನ ಕಣ್ಣೆದುರಿಗೇ ಕಂಡರೆ 25.000 ಮುಟ್ಟುವ ಮೊದಲೇ ಆತ ಆಫ್‌ಸೆಟ್ ಕೊಟ್ಟು ಇನ್ಸರ್ಟ್‌ನ ಸ್ಥಾನ ಸರಿಪಡಿಸುತ್ತಾನೆ. ಅಮೆರಿಕದ ವಾಲ್ಟರ್ ಶೆವಾರ್ಟ್ ಅವರು 1924ರಲ್ಲಿ ಕಂಟ್ರೋಲ್ ಚಾರ್ಟ್ (ಅಳತೆಗಳ ಏರಿಳಿತವನ್ನು ಮಿತಿಗೆರೆಗಳೊಂದಿಗೆ ತೋರಿಸುವ ಗ್ರಾಫ್) ರೂಪಿಸಿದ್ದು ಇದೇ ಉದ್ದೇಶಕ್ಕೆ. ಆದ್ದರಿಂದ ಪರದೆ ಲೇತ್‌ನ ಪಕ್ಕದಲ್ಲಿರಲಿ, ಮತ್ತು ಮಿತಿ ಮೀರಿದ ಅಳತೆಯನ್ನು ತೋರಿಸಿದವರ ಮೇಲೆ ಕ್ರಮವಿಲ್ಲವೆಂದು ನೀವೇ ಎಲ್ಲರ ಮುಂದೆ ಹೇಳಿರಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ನಿನ್ನೆ ನಮ್ಮ ವರ್ನಿಯರ್‌ನಲ್ಲೇ ಹತ್ತು ಶಾಫ್ಟ್‌ಗಳನ್ನು ಅಳೆಸಿ ನೋಡಿದೆವು, ಲೆಕ್ಕ ಶೇ. 30ನ್ನು ಎಷ್ಟೋ ದಾಟಿತು. ಮೈಕ್ರೋಮೀಟರ್‌ಗೆ ಆರ್ಡರ್ ಕೊಟ್ಟಿದ್ದೇನೆ. ಒಂದೇ ಲೇತ್‌ನಲ್ಲಿ ಆರಂಭಿಸುತ್ತೇವೆ, ಪರದೆ ಎಲ್ಲಿರಬೇಕೆಂಬುದನ್ನು ಆ ಲೇತ್‌ನ ಆಪರೇಟರ್‌ಗೇ ಬಿಟ್ಟಿದ್ದೇನೆ. ಆ ದಿನದ ಪುಟ ಬರೆದವರು ಯಾರೆಂದು ವಿಚಾರಿಸುವ ಯೋಚನೆಯನ್ನು ಕೈಬಿಟ್ಟಿದ್ದೇನೆ.