ಭಾನುವಾರದ ಪ್ರಶ್ನೋತ್ತರ: ಮಕ್ಕಳ ಡಾಕ್ಟರನ್ನು ಕೇಳಿ (ಮುಂಬೈ ಕನ್ನಡ ಅಮ್ಮಂದಿರು)

ಡೊಂಬಿವಲಿಯ ಅಮ್ಮ: ಡಾಕ್ಟ್ರೇ, ಮಗಳಿಗೆ 40 ದಿನ. ಕಣ್ಣು ಇನ್ನೂ ಹಳದಿ. ಹಾಲು ಚೆನ್ನಾಗಿ ಕುಡಿಯುತ್ತಾಳೆ, ತೂಕವೂ ಏರಿದೆ. ದಿನಾ ಬೆಳಗ್ಗೆ ಬಾಲ್ಕನಿಯಲ್ಲಿ ಬಿಸಿಲಿಗೆ ಮಲಗಿಸುತ್ತೇವೆ. ತಾನಾಗೇ ಹೋಗುತ್ತೆ ಅಂತಾರೆ ಅತ್ತೆ. ಇನ್ನೆಷ್ಟು ದಿನ ಕಾಯಬೇಕು?

ಡಾಕ್ಟರ್: ಕಕ್ಕ ಯಾವ ಬಣ್ಣ? ಮೂತ್ರ ಬಟ್ಟೆಗೆ ಕಲೆ ಹಿಡಿಯುತ್ತದಾ?

ಡೊಂಬಿವಲಿಯ ಅಮ್ಮ: ಕಕ್ಕ ಒಂದು ವಾರದಿಂದ ಬಿಳಿಚಿಕೊಂಡಿದೆ, ಕಲಸಿದ ಸುಣ್ಣದ ಹಾಗೆ. ಲಂಗೋಟಿ ಮೇಲೆ ಹಳದಿ ಕಲೆ ನಿಲ್ಲುತ್ತದೆ.

ವಾಶಿಯ ಸದಸ್ಯೆ: ಎದೆಹಾಲಿನ ಕಾಮಾಲೆ ಇರಬೇಕು ಕಣೇ. ನಮ್ಮವನಿಗೆ ಎರಡು ತಿಂಗಳಿತ್ತು, ಏನೂ ಆಗಲಿಲ್ಲ.

ಡಾಕ್ಟರ್: ಒಂದು ದಿನವೂ ಕಾಯಬೇಡಿ. ಎದೆಹಾಲಿನ ಕಾಮಾಲೆಯಲ್ಲಿ ಕಕ್ಕದ ಬಣ್ಣ ಹೋಗುವುದಿಲ್ಲ. ಆ ಬಣ್ಣ ಬರುವುದೇ ಪಿತ್ತದಿಂದ. ಬಿಳಿಚಿದೆ ಅಂದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಎಂಬ ಅನುಮಾನ. ಎಳೆಗೂಸಿನ ಮೂತ್ರ ನೀರಿನ ಬಣ್ಣದ್ದಿರಬೇಕು, ಕಲೆ ನಿಲ್ಲಬಾರದು. ಪಿತ್ತನಾಳ ಮುಚ್ಚಿಹೋಗುವ ಬಿಲಿಯರಿ ಅಟ್ರೇಸಿಯಾ ಎಂಬ ಕಾಯಿಲೆ ಇದೆ. ಅದೇ ಎಂದು ಫೋನಿನಲ್ಲಿ ಹೇಳಲಾರೆ. ಆದರೆ ಅದೇ ಆಗಿದ್ದರೆ, ಪಿತ್ತ ಕರುಳಿಗೆ ಇಳಿಯಲು ದಾರಿ ಮಾಡುವ ಕಸಾಯ್ ಆಪರೇಷನ್ ಅನ್ನು ಮಗುವಿಗೆ 60 ದಿನ ತುಂಬುವುದರೊಳಗೆ ಮಾಡಿದರೆ ಫಲ ಜಾಸ್ತಿ. ತಡವಾದಷ್ಟೂ ಲಿವರ್ ಗಟ್ಟಿಯಾಗುತ್ತದೆ, ಆಮೇಲೆ ಲಿವರ್ ಕಸಿಯೇ ಗತಿ. ಮಗು ಗುಂಡಗಿದೆ ಎಂದೇ ಎಷ್ಟೋ ಮನೆಯವರು ಕಾದು ಕೂರುತ್ತಾರೆ. ನಾಳೆ ಬೆಳಗ್ಗೆಯೇ ರಕ್ತ ಕೊಡಿಸಿ. ಹಳದಿ ಬಣ್ಣ ತರುವ ಬಿಲಿರುಬಿನ್‌ನ ಒಟ್ಟು ಮಟ್ಟ ಸಾಲದು, ಪಿತ್ತ ಇಳಿಯದಿದ್ದಾಗ ಏರುವ ಅದರ ‘ಡೈರೆಕ್ಟ್’ ಭಾಗವನ್ನು ಬೇರೆಯಾಗಿ ಬರೆಸಿ. ಕಕ್ಕ ಇರುವ ಲಂಗೋಟಿಯನ್ನು ಕವರಿನಲ್ಲಿ ಕಟ್ಟಿ ಡಾಕ್ಟರಿಗೆ ತೋರಿಸಿ. ಬಿಸಿಲಿಗೆ ಇದು ಹೋಗುವುದಿಲ್ಲ. ಯಾವ ಮಗುವಿಗೇ ಆಗಲಿ, 14 ದಿನ ದಾಟಿಯೂ ಹಳದಿ ಇದ್ದರೆ ಈ ಪರೀಕ್ಷೆ ಬೇಕು.

ಕಲ್ಯಾಣದ ಅಪ್ಪ: 9 ಕೆಜಿ ಮಗು, 101 ಜ್ವರ. ಪ್ಯಾರಸಿಟಮಾಲ್ ಎಷ್ಟು?

ಡಾಕ್ಟರ್: ಹೋದ ವಾರವೂ ಬರೆದಿದ್ದೆ. ಕೆಜಿಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಬಾಟಲಿ ಮೇಲೆ 5 ಎಂಎಲ್‌ಗೆ ಎಷ್ಟು ಮಿಲಿಗ್ರಾಂ ಅಂತ ಓದಿ ಅಳೆಯಿರಿ.

ಭಾಂಡುಪಿನ ಅಮ್ಮ: ಮಗನಿಗೆ ಹುಟ್ಟಿನಿಂದ ಎಡಪಾದ ಒಳಗೆ ತಿರುಗಿದೆ. ಪ್ಲಾಸ್ಟರ್ ಯಾವಾಗ ಹಾಕಿಸಬೇಕು?

ಮುಲುಂಡಿನ ಸದಸ್ಯೆ: ಫಾರ್ವರ್ಡ್ ಬಂದಿದೆ. ಶೀತಕ್ಕೆ ಜೇನಿನಲ್ಲಿ ಬಜೆ ತೇಯ್ದು ನೆಕ್ಕಿಸಿ, ಎದೆಗೆ ಕರ್ಪೂರದೆಣ್ಣೆ ತಿಕ್ಕಿ ಅಂತ. 5 ತಿಂಗಳಿಗೆ ಆಗುತ್ತಾ?

ಡಾಕ್ಟರ್: ಆಗುವುದಿಲ್ಲ. ಒಂದು ವರ್ಷದೊಳಗೆ ಜೇನು ಒಂದು ಹನಿಯೂ ಬೇಡ, ಸ್ನಾಯುಗಳ ಶಕ್ತಿ ಕುಂದಿಸುವ ಬಾಟ್ಯುಲಿಸಂ ಎಂಬ ಕಾಯಿಲೆ ಬರಬಹುದು. ಕರ್ಪೂರದಿಂದ ಫಿಟ್ಸ್ ಬರಬಹುದು. ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ. ಯಾರೋ ಓದಿ ಇವತ್ತು ರಾತ್ರಿಯೇ ಮಾಡುತ್ತಾರೆ.

ಚೆಂಬೂರಿನ ಅಜ್ಜಿ: ಬಜೆ ನೆಕ್ಕಿಸಿಯೇ ಮೂರು ಮಕ್ಕಳನ್ನು ಸಾಕಿದ್ದೇನಪ್ಪ. ಈಗಿನವರಿಗೆ ಎಲ್ಲಕ್ಕೂ ಭಯ.

ಐರೋಲಿಯ ಸದಸ್ಯೆ: ಅಜ್ಜಿ, ನಮ್ಮಕ್ಕನ ಮಗು ಕರ್ಪೂರದೆಣ್ಣೆಯಿಂದಲೇ ಐಸಿಯು ಸೇರಿತ್ತು.

ಚೆಂಬೂರಿನ ಅಜ್ಜಿ: ನಾನು ಕರ್ಪೂರ ಅಂದೆನಾ? ಸರಿಯಾಗಿ ಓದಮ್ಮ.

ಐರೋಲಿಯ ಸದಸ್ಯೆ: ಓದಿಯೇ ಹೇಳಿದ್ದು. ಬಜೆಯನ್ನೂ ಜೇನಲ್ಲೇ ಅಲ್ವಾ ತೇಯೋದು?

ಅಡ್ಮಿನ್: ಇಬ್ಬರೂ ಸುಮ್ನಿರಿ.

ಭಾಂಡುಪಿನ ಅಮ್ಮ: ಪಾದದ ಪ್ರಶ್ನೆ ಯಾರಾದರೂ ನೋಡಿದಿರಾ?

ಡೊಂಬಿವಲಿಯ ಅಮ್ಮ (ಸೋಮವಾರ): ರಿಪೋರ್ಟ್ ಬಂತು. ಒಟ್ಟು 9.2, ಡೈರೆಕ್ಟ್ 5.8.

ಡಾಕ್ಟರ್: ಡೈರೆಕ್ಟ್ 1 ದಾಟಿದರೇ ಜಾಸ್ತಿ. ಇವತ್ತೇ ಹೊರಡಿ. ಪರೇಲಿನ ವಾಡಿಯಾ ಆಸ್ಪತ್ರೆ ಇರಲಿ, ಬೇರೆ ಇರಲಿ, ಮಕ್ಕಳ ಸರ್ಜನ್ ಇರುವ ಕಡೆಗೇ ಹೋಗಿ. ಅಪಾಯಿಂಟ್‌ಮೆಂಟ್ ಮುಂದಿನ ವಾರ ಅಂದರೆ ಒಪ್ಪಬೇಡಿ, ನನಗೆ ಫೋನ್ ಮಾಡಿ.