ಟಿಕೆಟ್ ಆಕಾಂಕ್ಷಿ ಊರಿಗೆ ಬರ್ತಿದ್ದಾರೆ: ಏನು ನೋಡಬೇಕು, ಏನು ಕೇಳಬೇಕು?

ಕೇಳಿದವರು: ಮಲೇಬೆನ್ನೂರು ಕಡೆಯ ಯುವಕ ಸಂಘ (ಉತ್ತರ ಕೊಟ್ಟವರ ಅಡ್ಡಹೆಸರು ಆಯಾ ಉತ್ತರದ ಮೇಲಿದೆ)

2028ರ ವಿಧಾನಸಭೆಗೆ ನಿಲ್ಲೋ ತಯಾರಿಯಲ್ಲಿರುವ ಒಬ್ಬರು ಮುಂದಿನ ತಿಂಗಳು ನಮ್ಮ ಸಂಘದ ಸಭೆಗೆ ಬರ್ತಾರೆ. ಗುಡಿ ಮುಂದೆ ಫ್ಲೆಕ್ಸ್ ಆಗಲೇ ಎದ್ದಿದೆ: "ಸಮಾಜ ಸೇವಕರು, ಬಡವರ ಬಂಧು". ಎರಡು ಆರೋಗ್ಯ ಶಿಬಿರ, ಒಂದು ಕ್ರಿಕೆಟ್ ಟೂರ್ನಮೆಂಟ್ ಆಗಿದೆ. ಸಮುದಾಯ ಭವನಕ್ಕೆ 5 ಲಕ್ಷ ಕೊಡ್ತೀನಿ ಅಂದಿದ್ದಾರೆ. ಇವರು ಯಾಕೆ ನಿಲ್ತಿದ್ದಾರೆ, ಮನುಷ್ಯ ಎಂಥವರು, ಊರ ಕೆಲಸದಲ್ಲಿ ನಿಜಕ್ಕೂ ಕೈ ಹಾಕಿದ್ದಾರಾ ಅಂತ ತಿಳಿಯೋದು ಹೇಗೆ? ಪಕ್ಷದ ಮಾತು ಬೇಡ, ನೋಡೋ ರೀತಿ ಹೇಳಿ.

ಪಹಣಿ

ಮೊದಲು ಅವರು ಹಿಂದೆ ಯಾವುದಾದರೂ ಚುನಾವಣೆಗೆ ನಿಂತಿದ್ದಾರಾ ನೋಡಿ. ನಿಂತಿದ್ದರೆ ಅರ್ಧ ಕೆಲಸ ಮುಗೀತು. ವಿಧಾನಸಭೆ ಅಥವಾ ಲೋಕಸಭೆಗಾದರೆ ನಮೂನೆ 26ರ ಅಫಿಡವಿಟ್ ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ಸಿಗುತ್ತೆ. ಎಲ್ಲರೂ ಕೊನೆಯ ಪುಟದ ಒಟ್ಟು ಆಸ್ತಿ ನೋಡಿ ಬಾಯಿ ಬಿಡ್ತಾರೆ. ಅದು ಅತ್ಯಂತ ಕಡಿಮೆ ಉಪಯೋಗದ ಅಂಕಿ. ನೋಡಬೇಕಾದ್ದು ಜಮೀನಿನ ಕಾಲಂ. ಅಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡ ತಾರೀಖು, ಕೊಂಡ ಬೆಲೆ ಎಲ್ಲ ಬರೆದಿರಬೇಕು. ಸರ್ವೆ ನಂಬರ್ ಸಿಕ್ಕರೆ ಭೂಮಿ ತಂತ್ರಾಂಶದಲ್ಲಿ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆ ದಾಖಲೆ) ತೆಗೀಬಹುದು. ಜಾಗ ಎಲ್ಲಿದೆ ಅಂತ ದಿಶಾಂಕ್ ಆ್ಯಪ್ ತೋರಿಸುತ್ತೆ. ಕೊಂಡ ತಾರೀಖನ್ನೂ ಆ ಜಾಗದ ಪಕ್ಕ ರಿಂಗ್ ರೋಡ್ ಅಥವಾ ಬಡಾವಣೆ ಮಂಜೂರಾದ ತಾರೀಖನ್ನೂ ಪಕ್ಕಪಕ್ಕ ಇಟ್ಟು ನೋಡಿ. ರಾಜಕೀಯಕ್ಕೆ ಯಾಕೆ ಬಂದ್ರಿ ಅಂತ ಕೇಳೋದಕ್ಕಿಂತ ಇದು ಹೆಚ್ಚು ಹೇಳುತ್ತೆ.

ಇನ್ನೊಂದು ಲೆಕ್ಕ. ಐದು ವರ್ಷದ ಆದಾಯದ ವಿವರ ಅಫಿಡವಿಟ್‌ನಲ್ಲಿರುತ್ತೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಎಲ್ಲವನ್ನೂ ಅದರ ಹೊಟ್ಟೆಗೆ ತುಂಬೋದು ಹಳೇ ಚಾಳಿ. ಮಳೆಯಾಶ್ರಿತ ಮೆಕ್ಕೆಜೋಳ ಎಕರೆಗೆ 20 ಕ್ವಿಂಟಲ್ ಅಂದ್ರೆ ಒಳ್ಳೇ ಬೆಳೆ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400. ಎಂಟು ಎಕರೆಗೆ ಖರ್ಚು ಕಳೆಯೋ ಮುಂಚೆ 3,84,000 ರೂಪಾಯಿ. ಅದೇ ಎಂಟು ಎಕರೆಯಲ್ಲಿ 40 ಲಕ್ಷ ತೋರಿಸಿದ್ದರೆ ಪಹಣಿಯ ಬೆಳೆ ಕಾಲಂ ನೋಡಿ. ಅಲ್ಲಿ ಅಡಿಕೆ ಇದೆಯೋ, ಜೋಳವೇ ಇದೆಯೋ?

ಮಿತಿಯೂ ಗೊತ್ತಿರಲಿ. ಯಾವ ಕಾಲಂ ಖಾಲಿ ಬಿಡುವಂತಿಲ್ಲ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ತುಂಬಿದ್ದು ಸತ್ಯವೋ ಸುಳ್ಳೋ ಅಂತ ಚುನಾವಣಾಧಿಕಾರಿ ತನಿಖೆ ಮಾಡಲ್ಲ. ಸುಳ್ಳು ಹೇಳಿದ್ದು ಸಾಬೀತಾದರೆ 6 ತಿಂಗಳವರೆಗೆ ಜೈಲು ಅಥವಾ ದಂಡ. ಭಾಮೈದನ ಹೆಸರಲ್ಲಿರೋದು ಈ ಕಾಗದದಲ್ಲಿ ಕಾಣೋದೇ ಇಲ್ಲ.

ಕೋರ್ಟ್ ಕಟ್ಟೆ

ಕೇಸಿನ ಬಗ್ಗೆ ಒಂದು ಮಾತು, ಇಲ್ಲಿ ಜನ ಎರಡೂ ಕಡೆ ತಪ್ಪುತ್ತಾರೆ. "ಏಳು ಕೇಸ್ ಇದೆ" ಅಂದ ಕೂಡಲೇ ರೌಡಿ ಅನ್ನಬೇಡಿ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿ ನೀರಿಗೋ ಬೆಳೆ ವಿಮೆಗೋ ಹೆದ್ದಾರಿ ತಡೆದವರ ಮೇಲೆಲ್ಲ ಕೇಸ್ ಇರುತ್ತೆ: ಐಪಿಸಿ 143, 341, 188. ಅಕ್ರಮ ಕೂಟ, ದಾರಿ ತಡೆದದ್ದು, ಆದೇಶ ಮೀರಿದ್ದು. ನಿಜವಾಗಿ ಬೀದಿಗಿಳಿದವರ ಗುರುತೇ ಅದು. 420, 468, 354 ಬೇರೆ ಜಾತಿ: ಮೋಸ, ನಕಲಿ ದಾಖಲೆ, ಹೆಂಗಸಿನ ಮೇಲೆ ಕೈ. 2024ರ ಜುಲೈ 1ರ ನಂತರದ ಕೇಸಾದರೆ ನಂಬರ್ ಬದಲಾಗಿದೆ: ಮೋಸ ಈಗ ಬಿಎನ್ಎಸ್ (ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ) 318, ಅಕ್ರಮ ಕೂಟ 189.

ಚೆಕ್ ಬೌನ್ಸ್ ಕೇಸನ್ನು ಯಾರೂ ಲೆಕ್ಕಕ್ಕೆ ತಗೊಳಲ್ಲ. ತಗೊಳ್ಳಬೇಕು. ಕೊಟ್ಟ ಮಾತಿಗೂ ಬ್ಯಾಂಕ್ ಖಾತೆಗೂ ಎಷ್ಟು ದೂರ ಅಂತ ತಿಳಿಯೋಕೆ ಅದಕ್ಕಿಂತ ನೇರ ದಾಖಲೆ ಇಲ್ಲ.

ಇ-ಕೋರ್ಟ್ಸ್‌ನಲ್ಲಿ ಜಿಲ್ಲೆ, ನ್ಯಾಯಾಲಯ ಆರಿಸಿ ಪಕ್ಷಗಾರರ ಹೆಸರಿಂದ ಹುಡುಕಿ. ಹೆಸರನ್ನು ಇಂಗ್ಲಿಷಿನಲ್ಲಿ ಮೂರ್ನಾಲ್ಕು ರೀತಿ ಬರೆದಿರ್ತಾರೆ, ಇನಿಷಿಯಲ್ ಕೆಲವೊಮ್ಮೆ ಮುಂದೆ, ಕೆಲವೊಮ್ಮೆ ಹಿಂದೆ. ಬಸವರಾಜಪ್ಪ, ತಿಪ್ಪೇಸ್ವಾಮಿ ಅಂತ ಹುಡುಕಿದರಂತೂ ಇಡೀ ಜಿಲ್ಲೆಯೇ ಬರುತ್ತೆ! ತಂದೆ ಹೆಸರು, ಊರು ತಾಳೆ ಆಗದೆ ಯಾವುದನ್ನೂ ವಾಟ್ಸಾಪಿಗೆ ಹಾಕಬೇಡಿ, ಮಾನನಷ್ಟದ ಕೇಸ್ ನಿಮ್ಮ ಮೇಲೆ ಬೀಳುತ್ತೆ.

ಟಿಕೆಟ್ ಸಿಕ್ಕ ಮೇಲೆ ಇನ್ನೊಂದು ಬಾಗಿಲು ತೆರೆಯುತ್ತೆ. ಬಾಕಿ ಕ್ರಿಮಿನಲ್ ಕೇಸ್ ಇರುವ ಅಭ್ಯರ್ಥಿ ಪ್ರಚಾರದ ಅವಧಿಯಲ್ಲಿ ಮೂರು ಸಲ ಪತ್ರಿಕೆಯಲ್ಲೂ ಟಿವಿಯಲ್ಲೂ ಅದನ್ನು ಪ್ರಕಟಿಸಬೇಕು. ಇಂಥವರನ್ನೇ ಯಾಕೆ ಆರಿಸಿದೆವು ಅಂತ ಪಕ್ಷವೂ ಕಾರಣ ಕೊಡಬೇಕು. "ಗೆಲ್ಲುವ ಕುದುರೆ" ಅನ್ನೋದೊಂದೇ ಕಾರಣ ಆಗೋದಿಲ್ಲ ಅಂತ 2020ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಜಾಹೀರಾತು ಸಣ್ಣ ಅಕ್ಷರದಲ್ಲಿ ಒಳಪುಟದಲ್ಲಿ ಬರುತ್ತೆ, ಕತ್ತರಿಸಿ ಇಟ್ಟುಕೊಳ್ಳಿ.

ಚಳ್ಳಕೆರೆ ಶೇಂಗಾ

ಸಮಾಜ ಸೇವೆ ಅಳೆಯೋಕೆ ಒಂದೇ ಸಾಧನ, ಕ್ಯಾಲೆಂಡರ್. ಒಂದು ಹಾಳೆಯಲ್ಲಿ ಗೆರೆ ಎಳೀರಿ. ಮೇಲೆ ಅವರ ಶಿಬಿರ, ದೇಣಿಗೆ, ಸಾಮೂಹಿಕ ಮದುವೆ, ನೋಟ್‌ಬುಕ್ ಹಂಚಿಕೆಯ ತಾರೀಖು. ಕೆಳಗೆ ಚುನಾವಣೆಗಳ ತಾರೀಖು. 2023ರ ಮೇ 10 ಗುರುತು ಹಾಕಿ. ಅದರ ಹಿಂದಿನ ಆರು ತಿಂಗಳು ಮೇಲಿನ ಸಾಲು ತುಂಬಿ, ಮೇ 13ರ ಫಲಿತಾಂಶದ ಮಾರನೇ ದಿನದಿಂದ ಎರಡು ವರ್ಷ ಖಾಲಿ ಇದ್ದರೆ ಉತ್ತರ ಸಿಕ್ತು.

ಎರಡನೇದು, ಫೋಟೊ ತೆಗೆಯೋರು ಇಲ್ಲದ ಜಾಗ ನೋಡಿ. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಹಾಲು ಉತ್ಪಾದಕರ ಸಂಘ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಗ್ರಾಮಸಭೆ. ಇವುಗಳ ನಡಾವಳಿ ಪುಸ್ತಕದಲ್ಲಿ ಹಾಜರಾತಿ, ಸಹಿ ಇರುತ್ತೆ. ಸಹಕಾರ ಸಂಘದ ಅಧ್ಯಕ್ಷರಾಗಿದ್ದರೆ ಅವರ ಅವಧಿಯ ಲೆಕ್ಕಪರಿಶೋಧನಾ ವರ್ಗ ಕೇಳಿ. 'ಎ' ಇದ್ದದ್ದು 'ಸಿ'ಗೆ ಇಳಿದಿದ್ದರೆ ಯಾಕೆ ಅಂತ ಕೇಳಿ. ಆಮೇಲೆ ಸುಸ್ತಿದಾರರ ಪಟ್ಟಿ: ಅವರ ಮನೆಯವರ ಹೆಸರು ಅದರಲ್ಲಿದೆಯಾ?

ಟ್ರಸ್ಟ್ ಇದ್ದರೆ ಟ್ರಸ್ಟ್ ಡೀಡಿನ ಪ್ರತಿ, ಮೂರು ವರ್ಷದ ಆಡಿಟ್ ವರದಿ ಕೇಳಿ. ಕೆಲಸ ಮಾಡಿದವರು ಮಾರನೇ ದಿನ ಕಳಿಸ್ತಾರೆ. ಇಲ್ಲದವರು "ನಂಬಿಕೆ ಇಲ್ವಾ ನನ್ ಮೇಲೆ" ಅಂತಾರೆ.

ಒಂದು ವಿಷಯದಲ್ಲಿ ರಿಯಾಯಿತಿ ಕೊಡಿ. ತಾಲ್ಲೂಕು, ಜಿಲ್ಲಾ ಪಂಚಾಯಿತಿ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮೆಟ್ಟಿಲು ಹತ್ತಿ ಬರೋರಿಗೆ ಮೆಟ್ಟಿಲೇ ಇರಲಿಲ್ಲ. ಹಾಗಾಗಿ "ಯಾವ ಹುದ್ದೆಯಲ್ಲಿದ್ರಿ" ಅನ್ನೋದು ಈಗ ನ್ಯಾಯವಾದ ಪ್ರಶ್ನೆ ಅಲ್ಲ. ದುಡ್ಡಿದ್ದವರು ನೇರ ಮಹಡಿಗೇ ಜಿಗಿಯೋಕೆ ನೋಡೋದೂ ಇದರಿಂದಲೇ.

ನಾಲೆ ಕೊನೆ

ಮೇಲಿನದೆಲ್ಲ ಸರಿ. ಆದರೆ ಮಲೇಬೆನ್ನೂರು ಅಂದ ಮೇಲೆ ಸಭೆಯಲ್ಲಿ ಕೇಳಬೇಕಾದ್ದು ಒಂದೇ: "ಭದ್ರಾ ನಾಲೆಯ ಕೊನೆ ಭಾಗಕ್ಕೆ ನೀರು ಯಾಕೆ ಬರಲ್ಲ?"

"ಸರ್ಕಾರದ ನಿರ್ಲಕ್ಷ್ಯ" ಅಂದರೆ ಏನೂ ಗೊತ್ತಿಲ್ಲ. "ಡ್ಯಾಮ್‌ನಲ್ಲಿ ನೀರಿಲ್ಲ" ಅಂದರೆ ಇನ್ನೂ ಗೊತ್ತಿಲ್ಲ, ಡ್ಯಾಮ್‌ನ ಪೂರ್ಣ ಮಟ್ಟ 186 ಅಡಿ ತುಂಬಿದ ವರ್ಷವೂ ಕೊನೆ ಭಾಗದಲ್ಲಿ ಗದ್ದೆ ಒಣಗಿದೆ. ಗೊತ್ತಿರೋರು ಹೇಳೋದು ಹೀಗಿರುತ್ತೆ: ಮೇಲ್ಭಾಗದಲ್ಲಿ ನಾಲೆಗೇ ಪಂಪ್‌ಸೆಟ್ ಇಟ್ಟಿದ್ದಾರೆ. ಅಚ್ಚುಕಟ್ಟಿನ ಹೊರಗೂ ಅಡಿಕೆ, ಭತ್ತ ಬಂದಿದೆ. ತೂಬಿನ ಗೇಟ್ ಮುರಿದಿದೆ. ನೀರುಗಂಟಿಗಳು ಸಾಲದು. ಹೂಳು, ಜಂಗಲ್ ತೆಗೆಯೋ ಟೆಂಡರ್ ನೀರು ಬಿಡೋ ಹೊತ್ತಿಗೆ ಆಗುತ್ತೆ. ಸರದಿ ಪದ್ಧತಿಯಲ್ಲಿ ನೀರು ಬಿಟ್ಟಾಗ ಕೊನೆಯವರಿಗೆ ತಲುಪೋ ಹೊತ್ತಿಗೆ ಬಂದ್ ಮಾಡೋ ದಿನ ಬಂದಿರುತ್ತೆ.

ಇಲ್ಲಿಗೆ ನಿಲ್ಲಿಸಬೇಡಿ. "ಹಾಗಾದ್ರೆ ಪಂಪ್‌ಸೆಟ್ ತೆಗೆಸ್ತೀರಾ?" ಅಂತ ಕೇಳಿ. ಆ ಪಂಪ್‌ಸೆಟ್ಟಿನವರಿಗೂ ಓಟಿದೆ. ಆಗ ಅವರು ಏನು ಹೇಳ್ತಾರೆ, ಯಾರ ಮುಖ ನೋಡ್ತಾರೆ, ಎಷ್ಟು ಹೊತ್ತು ತಗೊಳ್ತಾರೆ, ಅದನ್ನು ಬರ್ಕೊಳ್ಳಿ. "ಕಷ್ಟ, ಆದರೆ ನೀರಾವರಿ ಸಲಹಾ ಸಮಿತಿಯಲ್ಲಿ ಇಂಥ ಮಾತು ಎತ್ತುತ್ತೀನಿ" ಅಂದವರು "ಒಂದೇ ವಾರದಲ್ಲಿ ತೆಗೆಸ್ತೀನಿ" ಅಂದವರಿಗಿಂತ ನಂಬಿಕಸ್ಥರು.

2025ರಲ್ಲಿ ಭದ್ರಾ ಬಲದಂಡೆ ನಾಲೆ ಸೀಳಿ ಹೊಸದುರ್ಗ, ತರೀಕೆರೆ ಕಡೆಗೆ ಕುಡಿಯುವ ನೀರು ಒಯ್ಯೋ ಕಾಮಗಾರಿಗೆ ದಾವಣಗೆರೆ ಕಡೆ ದೊಡ್ಡ ವಿರೋಧ ಆಯ್ತಲ್ಲ, ಅದನ್ನೂ ಕೇಳಿ. ಅದೇ ಮನುಷ್ಯ ಹೊಸದುರ್ಗದಲ್ಲಿ ನಿಂತರೆ ಬೇರೆ ಮಾತಾಡ್ತಾನಾ? ಕುಡಿಯೋ ನೀರು ಬೇಡ ಅನ್ನೋಕಾಗಲ್ಲ, ನಾಲೆ ಸೀಳಿ ಅನ್ನೋಕೂ ಆಗಲ್ಲ. ಎರಡೂ ಊರಿನಲ್ಲಿ ಒಂದೇ ಉತ್ತರ ಕೊಡಬಲ್ಲವರು ಸಿಕ್ಕರೆ ಮಾತ್ರ ಮುಂದಿನ ಪ್ರಶ್ನೆಗೆ ಹೋಗಿ.

ಕೋಟೆ ಬಾಗಿಲು

ಚಿತ್ರದುರ್ಗದ ಕಡೆ ಇದೇ ಪರೀಕ್ಷೆ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯದು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆ ಆಯ್ತು ಅಂತ ಎಲ್ಲರಿಗೂ ಬಾಯಿಪಾಠ. "ನಮ್ಮ ಹೋಬಳಿಯ ಯಾವ ಕೆರೆ ಪಟ್ಟಿಯಲ್ಲಿದೆ, ಎಲ್ಲಿ ಭೂಸ್ವಾಧೀನ ನಿಂತಿದೆ" ಅಂತ ಕೇಳಿದರೆ ಹತ್ತರಲ್ಲಿ ಒಬ್ಬರು ಉತ್ತರಿಸಿದರೆ ಹೆಚ್ಚು.

ಶಾಸಕರ ಕೈಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಾ ಅನ್ನೋದನ್ನೂ ನೋಡಿ. ಚರಂಡಿ, ಬೀದಿದೀಪದ ಭರವಸೆ ಕೊಟ್ಟರೆ ಅದು ಗ್ರಾಮ ಪಂಚಾಯಿತಿ ಕೆಲಸ. ಶಾಸಕರು ಕೂರೋ ಕುರ್ಚಿಗಳೇ ಬೇರೆ: ಬಗರ್ ಹುಕುಂ ಸಮಿತಿ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡೋದು), ಆಶ್ರಯ ಸಮಿತಿ (ಮನೆ, ನಿವೇಶನ), ತಾಲ್ಲೂಕಿನ ತ್ರೈಮಾಸಿಕ ಕೆಡಿಪಿ (ಅಭಿವೃದ್ಧಿ ಪರಿಶೀಲನಾ) ಸಭೆ, ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿ, ವರ್ಷಕ್ಕೆ 2 ಕೋಟಿಯ ಶಾಸಕರ ಪ್ರದೇಶಾಭಿವೃದ್ಧಿ ನಿಧಿ. "ಬಗರ್ ಹುಕುಂ ಸಕ್ರಮದ ನಮೂನೆ 57ರ ಅರ್ಜಿಗಳನ್ನು ಯಾವ ಕ್ರಮದಲ್ಲಿ ತಗೊಳ್ತೀರಿ, 50, 53ರ ಹಳೇ ಬಾಕಿ ಏನು ಮಾಡ್ತೀರಿ" ಅಂತ ಒಬ್ಬ ವಯಸ್ಸಾದ ರೈತರ ಕೈಲಿ ಕೇಳಿಸಿ. ಯುವಕ ಕೇಳಿದರೆ ಹೆಗಲು ತಟ್ಟಿ ಜಾರಿಕೊಳ್ತಾರೆ.

ಎದುರಾಳಿ ಹಾಲಿ ಶಾಸಕರಾದರೆ ಅವರನ್ನೂ ಇದೇ ತಕ್ಕಡಿಗೆ ಹಾಕಿ. ಸದನದಲ್ಲಿ ಕೇಳಿದ ಚುಕ್ಕೆ ಗುರುತಿನ ಪ್ರಶ್ನೆಗಳು ವಿಧಾನಸಭೆಯ ವೆಬ್‌ಸೈಟಿನಲ್ಲಿವೆ. ನಿಧಿ ಖರ್ಚಿನ ಪಟ್ಟಿಗೆ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನಿಧಿ, ಕೆಡಿಪಿ, ಬಗರ್ ಹುಕುಂ ಮೂರನ್ನೂ ಒಂದರಲ್ಲೇ ತುರುಕಿದರೆ ವಾಪಸ್ ಬರುತ್ತೆ. ಮೂರು ಅರ್ಜಿ ಹಾಕಿ.

ಪಹಣಿ

ಆ 5 ಲಕ್ಷದ ಬಗ್ಗೆ ಯಾರೂ ಹೇಳಲಿಲ್ಲ. ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ, ಆದರೆ ಲೆಕ್ಕ ಶುರುವಾಗೋದು ನಾಮಪತ್ರ ಸಲ್ಲಿಸಿದ ದಿನದಿಂದ, ಮುಗಿಯೋದು ಫಲಿತಾಂಶದ ದಿನ. ಈಗ ಹಂಚೋ ಕುಕ್ಕರ್, ಸೀರೆ, ಸಮುದಾಯ ಭವನ ಯಾವುದೂ ಆ ಪುಸ್ತಕಕ್ಕೆ ಬರಲ್ಲ. ಅದಕ್ಕೇ ಎರಡು ವರ್ಷ ಮುಂಚೆ ಬರೋದು.

ತಗೊಳ್ಳಲೇಬೇಕು ಅಂತಿದ್ದರೆ ನಗದು ಬೇಡ. ಸಂಘದ ಖಾತೆಗೆ ಚೆಕ್, ಸಂಘದ ಠರಾವು, ರಸೀದಿ. ಜಾಗ ಪಂಚಾಯಿತಿ ಹೆಸರಲ್ಲಿದೆಯಾ ಅಂತ ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನೋಡಿ. 5 ಲಕ್ಷ ಪಾಯ, ಪಿಲ್ಲರ್‌ಗೇ ಮುಗಿಯುತ್ತೆ, ಸ್ಲ್ಯಾಬಿಗೆ ಮುಂದಿನ ಚುನಾವಣೆ ಕಾಯಬೇಕು. ಕಂಬಿ ಆಕಾಶ ನೋಡ್ತಾ ನಿಂತ ಇಂಥ "ಭವನ"ಗಳು ಬೇಕಾದಷ್ಟಿವೆ.

ಅಡಿಕೆ ಸುಳಿ

ಒಂದು ತಕರಾರು. ಇಷ್ಟೆಲ್ಲ ಜಾಲಾಡಿ ಒಳ್ಳೆಯವರು ಸಿಕ್ಕರೂ ಗೆಲ್ತಾರೆ ಅಂತಲ್ಲ. ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪನವರು 1962ರಲ್ಲಿ ಹೊಸದುರ್ಗದಲ್ಲೇ ಸೋತರು. ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು 1999ರಲ್ಲಿ ಚನ್ನಗಿರಿಯಲ್ಲಿ ಸೋತರು. ನಿಮ್ಮ ಸಂಘ ಯಾರನ್ನು ಗೆಲ್ಲಿಸಬೇಕು ಅಂತ ಹೊರಟರೆ ಈ ಕೆಲಸ ಹಾಳಾಗುತ್ತೆ. ಎಲ್ಲ ಆಕಾಂಕ್ಷಿಗಳಿಗೂ ಅವೇ ಪ್ರಶ್ನೆ, ಅಷ್ಟೇ ಸಮಯ ಕೊಡಿ, ಉತ್ತರ ಊರಿಗೆ ಓದಿ ಹೇಳಿ. ಸಭೆ ಸಂಜೆ ಏಳಕ್ಕೆ ಇಟ್ಟರೆ ಹೆಂಗಸರು ಬರಲ್ಲ, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಇಡಿ.

ಕೇಳಿದವರು

ಬಹಳ ಉಪಯೋಗ ಆಯ್ತು. ಒಂದು ಬಿಟ್ಟುಹೋಯ್ತು: ಅವರು ಸರ್ಕಾರಿ ಕಾಮಗಾರಿ ಗುತ್ತಿಗೆದಾರರು. ಗುತ್ತಿಗೆದಾರರು ನಿಲ್ಲಬಹುದಾ?

ಕೋರ್ಟ್ ಕಟ್ಟೆ

ನಿಲ್ಲಬಹುದು, ಆದರೆ ಚಾಲ್ತಿ ಗುತ್ತಿಗೆ ಇರಬಾರದು. ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಪ್ರಕಾರ, ರಾಜ್ಯ ಸರ್ಕಾರದ ಜೊತೆ ಸರಕು ಪೂರೈಕೆ ಅಥವಾ ಕಾಮಗಾರಿಯ ಗುತ್ತಿಗೆ ಜಾರಿಯಲ್ಲಿದ್ದರೆ ವಿಧಾನಸಭೆಗೆ ಅನರ್ಹರು. ಕೆಲಸ ಪೂರ್ತಿ ಮುಗಿದು ಬಿಲ್ ಮಾತ್ರ ಬಾಕಿ ಇದ್ದರೆ ತೊಂದರೆ ಇಲ್ಲ. ಅಫಿಡವಿಟ್‌ನಲ್ಲಿ ಅಭ್ಯರ್ಥಿಯ, ಸಂಗಾತಿಯ, ಅವಲಂಬಿತರ, ಪಾಲುದಾರಿಕೆ ಸಂಸ್ಥೆಯ ಸರ್ಕಾರಿ ಗುತ್ತಿಗೆಗಳನ್ನೂ ಬರೀಬೇಕು.

ಹಾಗಾಗಿ ನಾಮಪತ್ರಕ್ಕೆ ಕೆಲವು ತಿಂಗಳ ಮುಂಚೆ ಲೈಸೆನ್ಸ್ ತಮ್ಮನ ಹೆಸರಿಗೆ ಹೋಗುತ್ತೆ. ಅವಲಂಬಿತನಲ್ಲದ ತಮ್ಮ ಆ ಕಾಲಂಗೆ ಬರೋದಿಲ್ಲ. ಈಗಲೇ ನಿಮ್ಮ ಹೋಬಳಿಯ ರಸ್ತೆ, ಚೆಕ್‌ಡ್ಯಾಮ್ ಪಕ್ಕದ ಕಾಮಗಾರಿ ಫಲಕಗಳ ಫೋಟೊ ತೆಗೆದಿಡಿ. ಗುತ್ತಿಗೆದಾರರ ಹೆಸರು, ಮೊತ್ತ, ಮುಗಿಸಬೇಕಾದ ತಾರೀಖು ಅದರಲ್ಲಿರುತ್ತೆ. ಚುನಾವಣೆ ಹತ್ತಿರ ಬಂದಂತೆ ಆ ಫಲಕಗಳಿಗೆ ಹೊಸ ಬಣ್ಣ ಬೀಳುತ್ತೆ.